ಅಜ್ಜಿಗಿಂತ ಮೊದಲು ಮೊಮ್ಮಗಳ ಪಾಸ್‌ಪೋರ್ಟ್

2019ರ ಜುಲೈ ತಿಂಗಳಲ್ಲಿ ನಮ್ಮ ಕುಟುಂಬಕ್ಕೆ ಎರಡು ಪಾಸ್‌ಪೋರ್ಟ್‌ಗಳು ಬಂದವು. ಮೊದಲು ಬಂದದ್ದು ಅಮೆರಿಕದ ಓಹಾಯೊ ರಾಜ್ಯದ ಒಂದು ಸಣ್ಣ ನಗರದಲ್ಲಿ ಹುಟ್ಟಿದ ಎರಡು ತಿಂಗಳ ಕೂಸಿನದು. ಎರಡು ವಾರ ತಡವಾಗಿ ಬಂದದ್ದು, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಬಳಿ ಹುಟ್ಟಿ, ಅಲ್ಲಿಯೇ ಬೆಳೆದು, ಅಲ್ಲಿಯೇ ಅರವತ್ತು ದಾಟಿದ ಆ ಕೂಸಿನ ಅಜ್ಜಿಯದು. ಅಜ್ಜಿ ಎಂದರೆ ನನ್ನ ಚಿಕ್ಕಮ್ಮ. ಮಗಳ ಬಾಣಂತನಕ್ಕೆಂದು ಫೆಬ್ರುವರಿಯಲ್ಲಿಯೇ ಆಕೆ ಅರ್ಜಿ ಹಾಕಿದ್ದರು. ಮಗು ಹುಟ್ಟಿದ್ದು ಮೇ ತಿಂಗಳ ನಡುವೆ. ಭೂಮಿಗೆ ಬಂದು ಅರವತ್ತು ದಿನವಾದ ಜೀವವೊಂದು ತಾನು ಯಾರೆಂಬುದನ್ನು ಒಂದು ಸರ್ಕಾರಕ್ಕೆ ಸಲೀಸಾಗಿ ನಂಬಿಸಿತು. ಅರವತ್ತು ವರ್ಷ ಒಂದೇ ಊರಿನಲ್ಲಿ ಬಾಳಿದ ಹೆಂಗಸಿಗೆ ಅದನ್ನು ನಂಬಿಸಲು ಐದು ತಿಂಗಳು ಬೇಕಾಯಿತು.

ಇದನ್ನು ಯಾರ ಮೇಲೂ ದೂರು ಹೊರಿಸುವುದಕ್ಕಾಗಿ ಬರೆಯುತ್ತಿಲ್ಲ. ಸೇವಾ ಕೇಂದ್ರದ ಸಿಬ್ಬಂದಿ ಸೌಜನ್ಯದಿಂದಲೇ ನಡೆದುಕೊಂಡರು. ನಿಯಮಗಳನ್ನು ಯಾರೂ ಮುರಿಯಲಿಲ್ಲ. ಆದರೆ ನಿಯಮಗಳೆಲ್ಲ ಸರಿಯಾಗಿ ಪಾಲನೆಯಾದ ಮೇಲೂ ಒಬ್ಬ ತಾಯಿ ಮಗಳ ಹೆರಿಗೆಯ ಹೊತ್ತಿಗೆ ಆಕೆಯ ಬಳಿ ಇರಲಾಗಲಿಲ್ಲ ಎಂದರೆ, ತೊಡಕು ಎಲ್ಲಿದೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮೂರು ಭಾಷೆಗಳ ಸೀಮೆ

ಕಾಮಸಮುದ್ರ ಕೋಲಾರ ಜಿಲ್ಲೆಯ ಅಂಚಿನ ಹೋಬಳಿ. ಒಂದು ಬದಿಗೆ ಆಂಧ್ರದ ಕುಪ್ಪಂ, ಇನ್ನೊಂದು ಬದಿಗೆ ತಮಿಳುನಾಡಿನ ಕೃಷ್ಣಗಿರಿ ಸೀಮೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಮಾರ್ಗ ಈ ಸೀಮೆಯನ್ನು ಹಾದೇ ಜೋಲಾರ್‌ಪೇಟೆಯತ್ತ ಇಳಿಯುತ್ತದೆ. ರಾಗಿ, ಟೊಮೆಟೊ, ಹಿಪ್ಪುನೇರಳೆ, ಹಾಲು, ಮಾವು ಇಲ್ಲಿನ ಬದುಕು. ಕಾಡಂಚಿನ ಹೊಲಗಳಿಗೆ ಗಡಿಯ ಆಚೆಯಿಂದ ಆನೆಗಳು ಬರುತ್ತವೆ. ಅವುಗಳಿಗೆ ಮೂರು ರಾಜ್ಯಗಳ ಗಡಿಕಲ್ಲು ಕಾಣುವುದಿಲ್ಲ. ಜನರಿಗೂ ಬಹುಕಾಲ ಕಂಡಿರಲಿಲ್ಲ. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ, ಎತ್ತುಗಳ ವ್ಯಾಪಾರ ಎಲ್ಲವೂ ಗಡಿ ದಾಟಿಯೇ ನಡೆಯುತ್ತಿದ್ದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನ ಮಾರುಕಟ್ಟೆಯಲ್ಲಿ ತಮಿಳು ಎಂಬುದು ಇಲ್ಲಿ ಸಹಜ ಸಂಗತಿ. ಯಾರೂ ಇದನ್ನು ಬಹುಭಾಷಾ ಪಾಂಡಿತ್ಯ ಎಂದುಕೊಳ್ಳುವುದಿಲ್ಲ.

ಈ ಸಹಜತೆಯೇ ಕಾಗದದ ಮೇಲೆ ಬಂದಾಗ ಸಮಸ್ಯೆಯಾಗುತ್ತದೆ. ಕೋಲಾರ ಸೀಮೆಯಲ್ಲಿ ಮನೆಮನೆಯಲ್ಲೂ ಕೇಳುವ ಮುನಿಯಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪಡಿತರ ಚೀಟಿ ಬರೆದವರು ಇಂಗ್ಲಿಷಿನಲ್ಲಿ 'ವೈ' ಅಕ್ಷರ ಸೇರಿಸಿ ಬರೆಯುತ್ತಾರೆ. ಮತದಾರರ ಗುರುತಿನ ಚೀಟಿಯವರು ಅದನ್ನು ಬಿಡುತ್ತಾರೆ. ಆಧಾರ್ ನೋಂದಣಿ ಮಾಡಿದ ಹುಡುಗ ಎರಡು 'ಎಂ' ಬದಲು ಒಂದೇ ಹಾಕುತ್ತಾನೆ. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಹೆಸರಿನ ಮುಂದೆ ತಂದೆಯ ಇನಿಷಿಯಲ್ ಬಂದರೆ, ಇನ್ನೊಂದು ದಾಖಲೆಯಲ್ಲಿ ಗಂಡನ ಇನಿಷಿಯಲ್ ಬಂದಿರುತ್ತದೆ. ಶಾಂತಮ್ಮ ಎಂಬುವರು ತಮಿಳು ಬಲ್ಲ ಗುಮಾಸ್ತನ ಕೈಯಲ್ಲಿ ಸಾಂತಮ್ಮ ಆಗುತ್ತಾರೆ. ಕನ್ನಡದಲ್ಲಿ ಓದಿದರೆ ಎಲ್ಲವೂ ಒಂದೇ ಹೆಸರು. ಕಂಪ್ಯೂಟರಿನ ಕಣ್ಣಿಗೆ ಮಾತ್ರ ನಾಲ್ಕು ಜನ.

ನನ್ನ ಚಿಕ್ಕಮ್ಮನ ವಿಷಯದಲ್ಲಿ ಆದದ್ದೂ ಇದೇ. ಆಕೆಯ ಮೂರು ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಮೂರು ಬಗೆಯಾಗಿತ್ತು. ಸಾಲದೆಂಬಂತೆ ಆಧಾರ್ ಚೀಟಿಯಲ್ಲಿ ಹುಟ್ಟಿದ ದಿನಾಂಕವಿರಲಿಲ್ಲ, ಇಸವಿ ಮಾತ್ರ ಇತ್ತು. ನೋಂದಣಿಯ ದಿನ ವಯಸ್ಸೆಷ್ಟು ಎಂದು ಕೇಳಿದ್ದಾರೆ. ಆಕೆ ಅಂದಾಜು ಹೇಳಿದ್ದಾರೆ. ಅದರಿಂದ ಲೆಕ್ಕ ಹಾಕಿ ಇಸವಿ ಬರೆದಿದ್ದಾರೆ. ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂಬ ಚೀಟಿ ಹಿಡಿದು ಹೊರಬಂದ ಚಿಕ್ಕಮ್ಮ ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: 'ಅಲ್ಲಪ್ಪಾ, ನಾನು ಯಾರು ಅಂತ ಊರಿಗೆಲ್ಲ ಗೊತ್ತು. ಈ ಕಾಗದಗಳಿಗೆ ಯಾಕೆ ಗೊತ್ತಿಲ್ಲ?'

ಹಕ್ಕಾದ ಬಗೆ

ಪಾಸ್‌ಪೋರ್ಟ್ ಎಂಬುದು ಸರ್ಕಾರ ದಯಪಾಲಿಸುವ ಉಡುಗೊರೆಯೋ, ಪ್ರಜೆಯ ಹಕ್ಕೋ ಎಂಬ ಪ್ರಶ್ನೆಗೆ ಈ ದೇಶದಲ್ಲಿ ಉತ್ತರ ದೊರೆತದ್ದು 1967ರಲ್ಲಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ನೀಡಿಕೆಯನ್ನು ನಿಯಂತ್ರಿಸುವ ಪ್ರತ್ಯೇಕ ಶಾಸನವೇ ಇರಲಿಲ್ಲ. ಕೊಡುವುದು, ಬಿಡುವುದು ಸರ್ಕಾರದ ಇಚ್ಛೆಗೆ ಸೇರಿತ್ತು. ಆ ವರ್ಷದ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಪ್ರಯಾಣ ಮಾಡುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಬಹುಮತದಿಂದ ಸಾರಿತು. ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಾದಾಗ ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಜೂನ್ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯ್ದೆಯನ್ನು ರೂಪಿಸಿತು. ಹತ್ತು ವರ್ಷಗಳ ನಂತರ, 1977ರ ಜುಲೈನಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಹಿಂದಿರುಗಿಸುವಂತೆ ಆದೇಶಿಸಿ, ಕಾರಣ ತಿಳಿಸಲು ನಿರಾಕರಿಸಿದಾಗ ವಿಷಯ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. 1978ರ ಜನವರಿ 25ರ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾರ್ಯವಿಧಾನ ಬರಿದೇ ಕಾನೂನಿನಲ್ಲಿದ್ದರೆ ಸಾಲದು, ಅದು ನ್ಯಾಯಯುತವೂ ವಿವೇಕಯುತವೂ ಆಗಿರಬೇಕು ಎಂಬ ತತ್ವವನ್ನು ನೆಲೆಗೊಳಿಸಿತು. ಭಾರತದ ಸಾಂವಿಧಾನಿಕ ಇತಿಹಾಸದ ಅತಿ ದೊಡ್ಡ ತಿರುವುಗಳಲ್ಲಿ ಒಂದು ಪಾಸ್‌ಪೋರ್ಟ್ ಪುಸ್ತಕದ ಸುತ್ತಲೇ ಸಂಭವಿಸಿತೆಂಬುದು ಗಮನಾರ್ಹ.

ಹಕ್ಕು ಕಾಗದದ ಮೇಲೆ ದೊರೆತರೂ ಕಚೇರಿ ಹತ್ತಿರ ಬರಲಿಲ್ಲ. 1954ರಲ್ಲಿ ದೇಶದ ಮೊದಲ ಐದು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗಳು ಆರಂಭವಾದಾಗ ಮುಂಬೈ, ಕಲ್ಕತ್ತ, ದೆಹಲಿ, ಮದರಾಸು, ನಾಗಪುರಗಳು ಪಟ್ಟಿಯಲ್ಲಿದ್ದವು, ಬೆಂಗಳೂರು ಇರಲಿಲ್ಲ. ಬೆಂಗಳೂರಿಗೆ ಕಚೇರಿ ಬಂದ ಮೇಲೂ ಕೋಲಾರ, ಬಂಗಾರಪೇಟೆಯ ಜನ ಮುಂಜಾನೆಯ ರೈಲು ಹಿಡಿದು ಹೋಗಿ ಸಾಲಿನಲ್ಲಿ ನಿಲ್ಲುವ, ಅರ್ಜಿ ತುಂಬಲು ಹೊರಗೆ ಕುಳಿತ ದಲ್ಲಾಳಿಗೆ ಹಣ ತೆರುವ ದಿನಗಳು ಬಹಳ ಕಾಲ ಉಳಿದವು.

ನಂತರ ಆದ ಸುಧಾರಣೆಗಳನ್ನು ಅಲ್ಲಗಳೆಯುವಂತಿಲ್ಲ. ಪಾಸ್‌ಪೋರ್ಟ್ ಸೇವಾ ಯೋಜನೆಯಡಿ 2010ರಲ್ಲಿ ಪ್ರಾಯೋಗಿಕವಾಗಿ ಕೇಂದ್ರಗಳು ತೆರೆದ ನಗರಗಳಲ್ಲಿ ಬೆಂಗಳೂರೂ ಒಂದು. ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯ ಕೇಂದ್ರಗಳು ಅಂದಿನವು. ಮುಂಗಡವಾಗಿ ಸಮಯ ಗೊತ್ತುಮಾಡಿಕೊಂಡು, ಟೋಕನ್ ಹಿಡಿದು, ಮೂರು ಕೌಂಟರ್ ದಾಟಿ ಹೊರಬರುವ ವ್ಯವಸ್ಥೆ ದಲ್ಲಾಳಿಯ ಅರ್ಧ ಕಸುಬನ್ನು ಕಿತ್ತುಕೊಂಡಿತು. 2016ರ ಡಿಸೆಂಬರ್‌ನಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. 1989ರ ಜನವರಿ 26ರ ನಂತರ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ತರಬೇಕೆಂಬ ಕಟ್ಟುಪಾಡು ಹೋಯಿತು. ಶಾಲಾ ವರ್ಗಾವಣೆ ಪತ್ರ, ಆಧಾರ್, ಪ್ಯಾನ್, ಮತದಾರರ ಚೀಟಿ, ಚಾಲನಾ ಪರವಾನಗಿ, ವಿಮಾ ಪಾಲಿಸಿಗಳೂ ಹುಟ್ಟಿದ ದಿನಾಂಕದ ಪುರಾವೆಯಾದವು. ತಂದೆ, ತಾಯಿ ಇಬ್ಬರಲ್ಲಿ ಒಬ್ಬರ ಹೆಸರಿದ್ದರೆ ಸಾಕೆಂದಾಯಿತು. ನೋಟರಿ ಮುಂದೆ ಪ್ರಮಾಣ ಮಾಡಬೇಕಿದ್ದ ಅನುಬಂಧಗಳು ಬಿಳಿ ಹಾಳೆಯ ಸ್ವಯಂ ಘೋಷಣೆಗಳಾದವು. 2017ರ ಜನವರಿ 25ರಂದು ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಆರಂಭವಾಯಿತು. ಗುಜರಾತಿನ ದಾಹೋದ್ ಜೊತೆಗೆ ಇದೇ ದೇಶದ ಮೊದಲ ಪ್ರಯೋಗ. ಮುಂದೆ ಪ್ರತಿ ಲೋಕಸಭಾ ಕ್ಷೇತ್ರಕ್ಕೂ ಇಂಥದೊಂದು ಕೇಂದ್ರ, ಯಾರೂ 50 ಕಿ.ಮೀ.ಗಿಂತ ದೂರ ಹೋಗುವಂತಾಗಬಾರದು ಎಂಬ ಗುರಿಯನ್ನು ವಿದೇಶಾಂಗ ಸಚಿವಾಲಯ ಘೋಷಿಸಿತು.

ಹೀಗೆ ಬಾಗಿಲು ಹತ್ತಿರವಾಯಿತು. ಆದರೆ ಬಾಗಿಲಿನ ಅಳತೆ ಬದಲಾಗಲಿಲ್ಲ. ಅದು ಒಂದೇ ಕಾಗುಣಿತದ, ಒಂದೇ ಜನ್ಮದಿನದ, ಒಂದೇ ವಿಳಾಸದ ಮನುಷ್ಯನಿಗಾಗಿ ಮಾಡಿದ ಬಾಗಿಲು.

ಜೂನ್ 1ರಂದು ಹುಟ್ಟಿದವರು

ಚಿಕ್ಕಮ್ಮನ ಅರ್ಜಿ ತಡೆಯಾದ ಮೇಲೆ ಮೊದಲು ಎದುರಾದವನು ಒಬ್ಬ ದಲ್ಲಾಳಿ. ಅಫಿಡವಿಟ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಆತ ಹಣ ಪಡೆದು ಛಾಪಾ ಕಾಗದ ಕೊಟ್ಟ. ಅದು ಯಾವ ಕೆಲಸಕ್ಕೂ ಬರಲಿಲ್ಲ. ಹುಟ್ಟಿದ ದಿನಾಂಕಕ್ಕೆ ಒಪ್ಪಿತ ದಾಖಲೆಯೇ ಬೇಕಿತ್ತು. ಜನನ, ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಹಿಂದೆ ಸೂಲಗಿತ್ತಿಯ ಕೈಯಲ್ಲಿ, ಮನೆಯ ಹಿತ್ತಲ ಕೋಣೆಯಲ್ಲಿ ಹುಟ್ಟಿದವರ ಜನನವನ್ನು ಬರೆದಿಟ್ಟವರು ಯಾರು? ಯುಗಾದಿ ಕಳೆದು ಎಂಟು ದಿನಕ್ಕೆ, ರಾಗಿ ಕಣದಲ್ಲಿದ್ದಾಗ, ಕೆರೆ ಕೋಡಿ ಬಿದ್ದ ವರ್ಷ ಎಂಬುದೇ ಅವರ ಜನ್ಮ ದಾಖಲೆ.

ಕೊನೆಗೆ ನೆರವಾದದ್ದು ಊರಿನ ಪ್ರಾಥಮಿಕ ಶಾಲೆ. ಚಿಕ್ಕಮ್ಮ ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಆ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರಿದ್ದೀತೆಂದು ನೆನಪಾಗುವಷ್ಟರಲ್ಲಿ ಏಪ್ರಿಲ್ ಬಂದಿತ್ತು. ಲೋಕಸಭಾ ಚುನಾವಣೆಯ ಕೆಲಸಕ್ಕೆ ಶಿಕ್ಷಕರು ಹೋಗಿದ್ದರು; ಅದು ಮುಗಿಯುವ ವೇಳೆಗೆ ಬೇಸಿಗೆ ರಜೆ. ಶಾಲೆಯ ಬೀಗ ತೆರೆದದ್ದು ಮೇ ಕೊನೆಯಲ್ಲಿ. ಅಷ್ಟರಲ್ಲಿ ಓಹಾಯೊದಲ್ಲಿ ಮಗು ಹುಟ್ಟಿಯಾಗಿತ್ತು. ಬಾಣಂತಿಗೆ ಬಿಸಿನೀರು ಕಾಯಿಸಿಕೊಟ್ಟವರು, ಪಥ್ಯದ ಸಾರು ಮಾಡಿಕೊಟ್ಟವರು ಪಕ್ಕದ ಬೀದಿಯ ಒಬ್ಬ ಗುಜರಾತಿ ಹೆಂಗಸು. ಇಲ್ಲಿಂದ ಚಿಕ್ಕಮ್ಮ ಫೋನಿನಲ್ಲಿ ಮಗುವಿಗೆ ಎಣ್ಣೆ ಹಚ್ಚುವ ಬಗೆ ಹೇಳಿಕೊಡುತ್ತಿದ್ದರು.

ಮುಖ್ಯೋಪಾಧ್ಯಾಯರು ಬೀರು ತೆರೆದು, ಗೆದ್ದಲು ಅಂಚು ತಿಂದ ರಿಜಿಸ್ಟರನ್ನು ಹೊರತೆಗೆದರು. ಹೆಸರು ಇತ್ತು, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಹುಟ್ಟಿದ ದಿನಾಂಕ ಜೂನ್ 1. ಆ ಪುಟದ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಜೂನ್ 1ರಂದೇ ಹುಟ್ಟಿದ್ದರು. ಶಾಲೆಗೆ ಸೇರಿಸುವ ದಿನ ಮೇಷ್ಟರು ವಯಸ್ಸನ್ನು ಅಂದಾಜು ಮಾಡಿ, ಲೆಕ್ಕಕ್ಕೆ ಅನುಕೂಲವಾದ ದಿನಾಂಕ ಬರೆಯುತ್ತಿದ್ದ ಕಾಲವದು. ಹಳ್ಳಿಗಾಡಿನ ಒಂದಿಡೀ ತಲೆಮಾರು ಜೂನ್ 1ರಂದು ಹುಟ್ಟಿದೆ ಎಂದು ನಗೆಯಾಡುವುದುಂಟು. ಆದರೂ ಆ ಮೇಷ್ಟರ ಅಂದಾಜೇ ಅರವತ್ತು ವರ್ಷಗಳ ಮೇಲೆ ಆಕೆಯ ಕೈಹಿಡಿಯಿತು. ಅದರ ಆಧಾರದ ಮೇಲೆ ವರ್ಗಾವಣೆ ಪತ್ರ, ಬಳಿಕ ಆಧಾರ್ ತಿದ್ದುಪಡಿ, ಆಮೇಲೆ ಮತ್ತೊಮ್ಮೆ ಪಾಸ್‌ಪೋರ್ಟ್ ಕೇಂದ್ರದ ಭೇಟಿ, ಪೊಲೀಸ್ ಪರಿಶೀಲನೆ. ಜುಲೈ ಕೊನೆಯ ವಾರ ಸ್ಪೀಡ್ ಪೋಸ್ಟಿನಲ್ಲಿ ಪುಸ್ತಕ ಬಂತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದೇ ಬಾರಿ ಬದಲಿಸಬಹುದೆಂಬ ಮಿತಿಯನ್ನು ಪ್ರಾಧಿಕಾರ 2019ರಲ್ಲಿಯೇ ವಿಧಿಸಿತು. ತಪ್ಪು ಬರೆದವನಿಗೆ ಮಿತಿಯಿಲ್ಲ, ತಿದ್ದಿಕೊಳ್ಳುವವನಿಗೆ ಮಿತಿಯಿದೆ. ಮೊದಲ ತಿದ್ದುಪಡಿಯಲ್ಲಿಯೇ ಮತ್ತೊಂದು ಅಕ್ಷರ ತಪ್ಪಿದರೆ ಆ ತಪ್ಪಿನ ಭಾರ ಹೊರಬೇಕಾದವರು ಇಂಗ್ಲಿಷ್ ಓದಲಾರದ ಅರ್ಜಿದಾರರೇ.

ಊರಿನ ಹೆಸರೂ ಸಾಮಾನ್ಯ ತೊಡಕಲ್ಲ. ಇಂದಿನ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಬಂದದ್ದು. ಹಳೆಯ ದಾಖಲೆಯಲ್ಲಿ ಆ ಹೆಸರಿದ್ದರೆ ಎರಡೂ ಒಂದೇ ಊರೆಂದು ವಿವರಿಸಬೇಕು. ಕಂದಾಯ ಲೆಕ್ಕದಲ್ಲಿ ಕಾಮಸಮುದ್ರ ಕೋಲಾರ ಜಿಲ್ಲೆಗೆ ಸೇರಿದೆ. ಪೊಲೀಸ್ ಲೆಕ್ಕದಲ್ಲಿ ಕೆಜಿಎಫ್ ಬೇರೆಯೇ ಒಂದು ಜಿಲ್ಲೆ, ಅದಕ್ಕೆ ಪ್ರತ್ಯೇಕ ವರಿಷ್ಠಾಧಿಕಾರಿ, ಕಾಮಸಮುದ್ರ ಠಾಣೆ ಅವರ ವ್ಯಾಪ್ತಿಗೆ ಸೇರಿದ್ದು. ಅರ್ಜಿಯಲ್ಲಿ ಒಂದು ಕಡೆ ಕೋಲಾರ, ಇನ್ನೊಂದು ಕಡೆ ಕೆಜಿಎಫ್ ಎಂದು ಆರಿಸಬೇಕೆಂಬುದು ತಿಳಿದವರಿಗೆ ಸುಲಭ. ತಿಳಿಯದವರ ಕಡತ ದಾರಿ ತಪ್ಪುತ್ತದೆ.

ಬೆರಳಚ್ಚಿನ ನೆನಪು

ಈ ಸೀಮೆಗೆ ಗುರುತಿನ ಪ್ರಶ್ನೆ ಹೊಸದಲ್ಲ. ಪಾಸ್‌ಪೋರ್ಟ್ ಕೇಂದ್ರದಲ್ಲಿ ಇಂದು ಬೆರಳನ್ನು ಗಾಜಿನ ಮೇಲಿಡುವಾಗ, ಅದೇ ಬೆರಳಿಗಾಗಿ ಹಿಂದೊಮ್ಮೆ ಪಕ್ಕದ ಚಿನ್ನದ ಗಣಿಗಳು ನಿಂತುಹೋಗಿದ್ದವೆಂಬುದು ಕೆಲವರಿಗಾದರೂ ನೆನಪಾದೀತು. 1930ರಲ್ಲಿ ಕೆಜಿಎಫ್ ಗಣಿಗಳ ಕಂಪನಿಗಳು ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟಾಗ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಚಿನ್ನದ ಕಳ್ಳತನ ತಡೆಯುವುದು, ಕೆಲಸ ಬಿಟ್ಟು ಹೋದವರನ್ನು ಗುರುತು ಹಿಡಿಯುವುದು ಕಂಪನಿಗಳ ಚಿಂತೆ. ಬೆರಳಚ್ಚು ಕೊಡುವುದು ಅಪರಾಧಿಯ ಲಕ್ಷಣ ಎಂಬುದು ಕಾರ್ಮಿಕರ ಅಳಲು. ಗುರುತಿನ ಚೀಟಿ ಕೇಳುವವನಿಗೂ ಕೊಡುವವನಿಗೂ ನಡುವೆ ಇರುವ ಅಧಿಕಾರದ ಅಂತರವನ್ನು ಆ ಅನಕ್ಷರಸ್ಥ ಕಾರ್ಮಿಕರು ಅಂದೇ ಅರ್ಥಮಾಡಿಕೊಂಡಿದ್ದರು.

ಕೆಜಿಎಫ್‌ನಿಂದ ಪರದೇಶಕ್ಕೆ ಹೋದವರ ಕಥೆಯೂ ಹಳೆಯದೇ. ಸ್ವಾತಂತ್ರ್ಯಾನಂತರ ಇಲ್ಲಿನ ಆಂಗ್ಲೊ ಇಂಡಿಯನ್ ಕುಟುಂಬಗಳಲ್ಲಿ ಹಲವು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಗಣಿ ಕಾರ್ಮಿಕರ ಮಕ್ಕಳಿಗೆ ಉಳಿದದ್ದು ಬೆಂಗಳೂರಿನ ರೈಲು, ಇಲ್ಲವೇ ಕೊಲ್ಲಿಯ ವಿಮಾನ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ.; ದಿನವೂ ಹೋಗಿಬರುವವರು ಸಾವಿರಾರು ಮಂದಿ. ಅದಕ್ಕಿಂತ ದೂರ ಹೋಗಬಯಸುವವರಿಗೆ ಪಾಸ್‌ಪೋರ್ಟ್ ಎಂಬುದು ಪ್ರವಾಸದ ಪುಸ್ತಕವಲ್ಲ, ಅನ್ನದ ಚೀಟಿ.

ಇಂಥವರ ಮುಂದೆ ಇನ್ನೊಂದು ಮೆಟ್ಟಿಲಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ವಲಸೆ ಪರಿಶೀಲನೆ ಅಗತ್ಯ ಎಂಬ ಮುದ್ರೆ ಬೀಳುತ್ತದೆ. 50 ವರ್ಷ ದಾಟಿದವರಿಗೆ ಇದರಿಂದ ವಿನಾಯಿತಿ. ಹಾಗಾಗಿ ಚಿಕ್ಕಮ್ಮನಿಗೆ ಈ ಮುದ್ರೆ ಬೀಳಲಿಲ್ಲ. ಸೌದಿ ಅರೇಬಿಯಾ, ಕುವೈತ್, ಕತಾರ್, ಓಮನ್, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇಂಥವರು ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಇದರ ಉದ್ದೇಶ ಒಳ್ಳೆಯದು: ಕೆಲಸದ ಕರಾರು ನಿಜವೇ, ಏಜೆಂಟ್ ನೋಂದಾಯಿತನೇ ಎಂದು ಸರ್ಕಾರ ನೋಡಲಿ ಎಂಬುದು. ಆದರೆ ಮುದ್ರೆಯ ಅರ್ಥ ತಿಳಿಯದ ತರುಣನಿಗೆ ಏಜೆಂಟ್ ಹೇಳುವುದು ಬೇರೆ: 'ಪ್ರವಾಸಿ ವೀಸಾದಲ್ಲಿ ಹೋಗಿಬಿಡು, ಅಲ್ಲಿ ನೋಡಿಕೊಳ್ಳೋಣ.' ರಕ್ಷಣೆಗೆಂದು ಮಾಡಿದ ಬೇಲಿಯನ್ನು ಹಾರಿದವನಿಗೆ ಅಲ್ಲಿ ಯಾವ ರಕ್ಷಣೆಯೂ ಉಳಿಯುವುದಿಲ್ಲ. 2018ರ ಜನವರಿಯಲ್ಲಿ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ನೀಡುವ ಪ್ರಸ್ತಾಪವನ್ನು ಕೇಂದ್ರ ಸರ್ಕಾರ ಪ್ರಕಟಿಸಿ, ಓದದವರನ್ನು ಎರಡನೆಯ ದರ್ಜೆಯ ಪ್ರಜೆಗಳನ್ನಾಗಿ ಮಾಡಬೇಡಿ ಎಂಬ ಪ್ರತಿಭಟನೆ ಎದ್ದ ಮೇಲೆ ಅದೇ ತಿಂಗಳಲ್ಲಿ ಕೈಬಿಟ್ಟಿತು. ಬಣ್ಣ ಬದಲಾಗಲಿಲ್ಲ; ಅರಿವಿನ ಕೊರತೆಯೂ ಬದಲಾಗಲಿಲ್ಲ.

2022ರ ನವೆಂಬರ್‌ನಲ್ಲಿ ಮತ್ತೊಂದು ಪಾಠವಾಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಕುಲನಾಮದ ಜಾಗ ಖಾಲಿಯಿದ್ದವರನ್ನು ಭೇಟಿ ವೀಸಾದ ಮೇಲೆ ಒಳಬಿಡುವುದಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ ಪ್ರಕಟಿಸಿತು. ತಂದೆಯ ಅಥವಾ ಕುಟುಂಬದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಿತು. ಕುಲನಾಮವೇ ಇಲ್ಲದ, ಇನಿಷಿಯಲ್ ಒಂದರಲ್ಲಿ ತಂದೆಯನ್ನೂ ಊರನ್ನೂ ಅಡಗಿಸಿಕೊಂಡಿರುವ ದಕ್ಷಿಣ ಕರ್ನಾಟಕದ, ತಮಿಳು ಸೀಮೆಯ ಜನರಿಗೆ ಇದು ಎಷ್ಟು ಹತ್ತಿರದ ಸಂಗತಿಯೆಂದು ಹೇಳಬೇಕಿಲ್ಲ.

ಆಚೆ ದಡದ ಅಂಚೆ ಕಚೇರಿ

ಓಹಾಯೊದ ಆ ಊರಿನಲ್ಲಿ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದು ಬೀದಿಯ ತುದಿಯ ಅಂಚೆ ಕಚೇರಿಯಲ್ಲಿ. ಅಲ್ಲಿ ಬಹುಕಾಲದಿಂದಲೂ ಅಂಚೆ ಕಚೇರಿಗಳು, ಕೌಂಟಿಯ ಗುಮಾಸ್ತರ ಕಚೇರಿಗಳು, ಕೆಲವೆಡೆ ಸಾರ್ವಜನಿಕ ಗ್ರಂಥಾಲಯಗಳೂ ಪಾಸ್‌ಪೋರ್ಟ್ ಅರ್ಜಿ ಸ್ವೀಕರಿಸುತ್ತವೆ. 16 ವರ್ಷದೊಳಗಿನ ಮಗುವಿಗೆ ತಂದೆ ತಾಯಿ ಇಬ್ಬರೂ ಹಾಜರಾಗಬೇಕು, ಇಲ್ಲವೇ ಬಾರದವರ ಒಪ್ಪಿಗೆ ಪತ್ರ ಬೇಕು. ಆಸ್ಪತ್ರೆಯಿಂದ ನೋಂದಣಿಯಾದ ಜನನ ಪ್ರಮಾಣಪತ್ರ, ಒಂದು ಫೋಟೊ, ಶುಲ್ಕ. ಬರೆದದ್ದೆಲ್ಲ ನಿಜವೆಂದು ಕೈ ಎತ್ತಿ ಪ್ರಮಾಣ. ಮನೆಗೆ ಬಂದು ವಿಚಾರಿಸುವ ಪೊಲೀಸರಿಲ್ಲ. ಮಗುವಿನ ಜೀವನದಲ್ಲಿ ಅದುವರೆಗೆ ಇದ್ದದ್ದೇ ಒಂದು ದಾಖಲೆ. ಆದ್ದರಿಂದ ದಾಖಲೆಗಳು ಪರಸ್ಪರ ಜಗಳವಾಡುವ ಪ್ರಶ್ನೆಯೇ ಏಳಲಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸುಗಮವೆಂದು ತಿಳಿಯಬೇಕಿಲ್ಲ. ಅದೇ ಮಗುವಿನ ತಾಯಿ, ನನ್ನ ತಂಗಿ, ತನ್ನ ಭಾರತೀಯ ಪಾಸ್‌ಪೋರ್ಟ್ ನವೀಕರಿಸಬೇಕಾದಾಗ ಅರ್ಜಿಯ ಜೊತೆಗೆ ಹಳೆಯ ಪಾಸ್‌ಪೋರ್ಟನ್ನೂ ಅಂಚೆಗೆ ಹಾಕಿ, ಊರಿನಿಂದ ಯಾವ ಸಾವಿನ ಸುದ್ದಿಯೂ ಬಾರದಿರಲಿ ಎಂದು ಹರಸಿಕೊಳ್ಳುತ್ತ ಕುಳಿತಿದ್ದಳು. ಸಣ್ಣ ಊರುಗಳಲ್ಲಿರುವ ನಮ್ಮವರಿಗೆ ದೂತಾವಾಸ ನೂರಾರು ಮೈಲಿ ದೂರ. ಇನ್ನು ಅಮೆರಿಕದ ಪ್ರಜೆಗಳಿಗೇ ಆದ ಅನ್ಯಾಯವೂ ಉಂಟು. ಟೆಕ್ಸಾಸ್ ರಾಜ್ಯದ ದಕ್ಷಿಣ ಗಡಿಯಲ್ಲಿ ಸೂಲಗಿತ್ತಿಯರ ಕೈಯಲ್ಲಿ ಹುಟ್ಟಿದ ಮೆಕ್ಸಿಕೊ ಮೂಲದ ಅಮೆರಿಕನ್ನರಿಗೆ, ಅವರ ಜನನ ಪ್ರಮಾಣಪತ್ರ ನಂಬಲರ್ಹವಲ್ಲವೆಂದು ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಕೆಲವು ಸೂಲಗಿತ್ತಿಯರು ಹಣ ಪಡೆದು ಸುಳ್ಳು ಜನನ ನೋಂದಾಯಿಸಿದ್ದರೆಂಬುದು ಕಾರಣ. ಅದರ ದಂಡ ತೆತ್ತವರು ನಿಜವಾಗಿ ಅಲ್ಲಿಯೇ ಹುಟ್ಟಿದವರು. 2008ರಲ್ಲಿ ಮೊಕದ್ದಮೆ ಹೂಡಿ, 2009ರಲ್ಲಿ ರಾಜಿಯ ಮೂಲಕ ಅವರು ಪರಿಹಾರ ಪಡೆಯಬೇಕಾಯಿತು. ಗಡಿ, ಸೂಲಗಿತ್ತಿ, ಬಡತನ, ಎರಡು ಭಾಷೆ: ಈ ನಾಲ್ಕು ಕೂಡಿದ ಕಡೆಯಲ್ಲೆಲ್ಲ ಗುರುತಿನ ಕಾಗದ ಅನುಮಾನಕ್ಕೆ ಒಳಗಾಗುತ್ತದೆ. ಅದು ಕಾಮಸಮುದ್ರವಾದರೂ ಅಷ್ಟೇ, ರಿಯೊ ಗ್ರಾಂಡೆ ದಂಡೆಯಾದರೂ ಅಷ್ಟೇ.

ಆಗಬೇಕಾದದ್ದು

ದಾಖಲೆಗಳನ್ನು ಕೇಳಬಾರದೆಂದು ಯಾರೂ ವಾದಿಸಲಾರರು. ಸುಳ್ಳು ಹೆಸರಿನ ಪಾಸ್‌ಪೋರ್ಟ್ ದೇಶಕ್ಕೂ, ಅದನ್ನು ಹಿಡಿದು ಸಾಗಿಸಲ್ಪಡುವ ಬಡಪಾಯಿಗೂ ಅಪಾಯ. ಆದರೆ ಮೋಸಕ್ಕೂ ಗುಮಾಸ್ತನ ಕೈತಪ್ಪಿಗೂ ವ್ಯತ್ಯಾಸವಿದೆ. ಕೈತಪ್ಪು ಸರ್ಕಾರದ ವಿವಿಧ ಇಲಾಖೆಗಳದ್ದು. ತಿದ್ದುವ ಹೊಣೆ ಮಾತ್ರ ಪ್ರಜೆಯದು ಎಂಬುದು ನ್ಯಾಯಯುತ ಕಾರ್ಯವಿಧಾನವಲ್ಲ.

ಪರಿಹಾರಗಳು ದೊಡ್ಡವೇನಲ್ಲ. ಹೋಬಳಿ ಮಟ್ಟದಲ್ಲಿ ವರ್ಷಕ್ಕೊಮ್ಮೆಯಾದರೂ ಆಧಾರ್, ಪಡಿತರ, ಚುನಾವಣಾ ಸಿಬ್ಬಂದಿ ಮತ್ತು ಶಾಲಾ ಮುಖ್ಯಸ್ಥರು ಒಂದೇ ದಿನ, ಒಂದೇ ಜಾಗದಲ್ಲಿ ಕುಳಿತು ಹೆಸರು, ದಿನಾಂಕಗಳನ್ನು ಸರಿಹೊಂದಿಸಿಕೊಡಬಹುದು. ಕರ್ನಾಟಕದಲ್ಲಿ 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳಂಥ ವ್ಯವಸ್ಥೆಯನ್ನು ಇದಕ್ಕೆ ಬಳಸಿಕೊಳ್ಳಬಹುದು. ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಗೆದ್ದಲು ಮುಗಿಸುವ ಮೊದಲು ಸ್ಕ್ಯಾನ್ ಮಾಡಿ ಇಡಬೇಕು. ಒಂದು ತಲೆಮಾರಿನ ಜನನ ಪ್ರಮಾಣಪತ್ರ ಇರುವುದು ಅಲ್ಲಿ ಮಾತ್ರ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗಲೇ ಇನಿಷಿಯಲ್ ಬಿಡಿಸಿ ಬರೆಯುವುದನ್ನು, ವಲಸೆ ಪರಿಶೀಲನೆಯ ಮುದ್ರೆ ಎಂದರೇನೆಂಬುದನ್ನು ಪ್ರೌಢಶಾಲೆಯಲ್ಲಿ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ವಿದೇಶಾಂಗ ಸಚಿವಾಲಯ ಕೆಲವೆಡೆ ಓಡಿಸಿರುವ ಸಂಚಾರಿ ಪಾಸ್‌ಪೋರ್ಟ್ ವ್ಯಾನುಗಳು ಗಡಿ ಹೋಬಳಿಗಳಿಗೂ ಬರಬೇಕು. ಅರ್ಜಿ ತಡೆಹಿಡಿದಾಗ ಕೊಡುವ ಚೀಟಿಯಲ್ಲಿ, ಯಾವ ದಾಖಲೆಯ ಯಾವ ಅಕ್ಷರ ತಪ್ಪಿದೆ, ಅದನ್ನು ಎಲ್ಲಿ ತಿದ್ದಿಸಬೇಕು ಎಂಬುದನ್ನು ಅರ್ಜಿದಾರರ ಭಾಷೆಯಲ್ಲಿ ಬರೆದು ಕೊಟ್ಟರೆ ದಲ್ಲಾಳಿಯ ಉಳಿದರ್ಧ ಕಸುಬೂ ಹೋಗುತ್ತದೆ.

ಇದು ತುರ್ತಿನ ವಿಷಯ ಎನ್ನಲು ಕಾರಣವಿದೆ. 2025ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನಾಂಕದ ಪುರಾವೆ. ಶಾಲೆಯ ಮೇಷ್ಟರ ಅಂದಾಜು ಈ ಮಕ್ಕಳ ಕೈಹಿಡಿಯಲಾರದು. ಜನನ ನೋಂದಣಿಯ ದಿನ ಬರೆಯುವ ಹೆಸರಿನ ಕಾಗುಣಿತವೇ ಅವರ ಬದುಕಿನುದ್ದಕ್ಕೂ ಹಿಂಬಾಲಿಸುತ್ತದೆ. ಆ ಒಂದು ಸಾಲನ್ನು ಸರಿಯಾಗಿ ಬರೆಸುವುದು ಇಂದಿನ ತಂದೆ ತಾಯಂದಿರ, ಆಶಾ ಕಾರ್ಯಕರ್ತೆಯರ, ಪಂಚಾಯಿತಿಯ ಕೆಲಸ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಚಿಕ್ಕಮ್ಮ ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋದರು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ, ಅದೂ ಆರಂಭದಲ್ಲಿ ವೀಸಾ ಸೇವೆಯಿಲ್ಲದೆ. ಹೊಲದ ಬದುವಿನಿಂದ ದಿನವೂ ನೋಡುತ್ತಿದ್ದ ಚೆನ್ನೈ ರೈಲನ್ನು ಆಕೆ ಮೊದಲ ಬಾರಿ ಹತ್ತಿದ್ದು ಆಗಲೇ. ಅಕ್ಟೋಬರ್‌ನಲ್ಲಿ ಓಹಾಯೊ ತಲುಪಿದಾಗ ಮಗುವಿಗೆ ಐದು ತಿಂಗಳು. ಬಾಣಂತನದ ಕಾಲ ಮುಗಿದಿತ್ತು. ಕಟ್ಟಿಕೊಂಡು ಹೋಗಿದ್ದ ಬಾಣಂತಿ ಲೇಹ್ಯದ ಡಬ್ಬಿಯನ್ನು ಮಗಳು ಸುಮ್ಮನೆ ಕಪಾಟಿನಲ್ಲಿಟ್ಟಳಂತೆ.

ಮೊದಲು ಯಾರ ಪಾಸ್‌ಪೋರ್ಟ್ ಬಂತೆಂಬುದನ್ನು ನಾವೀಗ ಮನೆಯಲ್ಲಿ ತಮಾಷೆಯ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಚಿಕ್ಕಮ್ಮನೂ ನಗುತ್ತಾರೆ. ಆದರೆ ಆ ಪುಸ್ತಕವನ್ನು ಆಕೆ ಇಟ್ಟಿರುವುದು ಟ್ರಂಕಿನ ತಳದಲ್ಲಿ, ಜಮೀನಿನ ಪಹಣಿಯ ಜೊತೆಗೆ. ಅದರ ಅವಧಿ 2029ರಲ್ಲಿ ಮುಗಿಯುತ್ತದೆ. ನವೀಕರಿಸಲು ಹೋಗುವಾಗ ಹೆಸರು ಬದಲಾಗದಿರಲಿ ಎಂದು, ಯಾವ ಹೊಸ ಚೀಟಿ ಮಾಡಿಸುವಾಗಲೂ ಆಕೆ ಮೊದಲು ಪಾಸ್‌ಪೋರ್ಟ್ ತೆಗೆದು ಗುಮಾಸ್ತನ ಮುಂದೆ ಹಿಡಿಯುತ್ತಾರೆ: 'ಇದರಲ್ಲಿ ಇರುವ ಹಾಗೇ ಬರೀರಪ್ಪಾ.'